ಪತ್ತನಾಜೆಯಿಂದ ದೀಪಾವಳಿಯವರೆಗೆ

ಏಪ್ರಿಲ್ ಬಂತೆಂದರೆ ನಮ್ಮೂರಲ್ಲಿ ಎರಡು ಸದ್ದು ಒಟ್ಟಿಗೆ ಏರುತ್ತವೆ. ಹಗಲಲ್ಲಿ ಗೇರುಬೀಜದ ಚೀಲಗಳು ಲಾರಿಯಿಂದ ಇಳಿಯುವ ಸದ್ದು, ಸಂಜೆಗೆ ಯಾವುದೋ ಗದ್ದೆಯ ಕಡೆಯಿಂದ ಇವತ್ತು ಯಕ್ಷಗಾನ ಇದೆಯೆಂದು ಸಾರುವ ಚೆಂಡೆ. ಊರಬೀಜ ಬರುವುದು ಫೆಬ್ರವರಿ ಕೊನೆಯಿಂದ ಮೇ ತನಕ. ಏಪ್ರಿಲ್‌ನಲ್ಲಿ ಗೋದಾಮು ತುಂಬಿಸಿಕೊಳ್ಳದಿದ್ದರೆ ಮಳೆಗಾಲದಲ್ಲಿ ಕಾರ್ಖಾನೆಯ ಬಾಗಿಲು ಹಾಕಬೇಕಾಗುತ್ತದೆ. ಯಕ್ಷಗಾನ ಮೇಳಗಳದ್ದೂ ಅದೇ ಅವಸರ. ತುಳುವರ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಮೇ 24-25ರ ಹೊತ್ತಿಗೆ ಬರುತ್ತದೆ. ಅಂದು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಬೇಕು. ಭಕ್ತರ ಹರಕೆಗೆಂದು ಒಪ್ಪಿಕೊಂಡ ಆಟಗಳೆಲ್ಲ (ಯಕ್ಷಗಾನ ಪ್ರದರ್ಶನಕ್ಕೆ ನಮ್ಮಲ್ಲಿ ಆಟ ಎನ್ನುವುದು) ಅಷ್ಟರೊಳಗೆ ಆಗಬೇಕು.

ನಾನು ಈ ಎರಡೂ ಸದ್ದಿಗೆ ಸೇರಿದವಳು. ಕಾರ್ಕಳದ ಹತ್ತಿರ ಅಪ್ಪ ಮತ್ತು ದೊಡ್ಡಪ್ಪ ಸೇರಿ ಕಟ್ಟಿದ ಗೇರುಬೀಜದ ಕಾರ್ಖಾನೆಯನ್ನು ಹದಿನೇಳು ವರ್ಷದಿಂದ ನಡೆಸುತ್ತಿದ್ದೇನೆ. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನಲ್ಲಿ ಹವ್ಯಾಸಿಯಾಗಿ ಭಾಗವತಿಕೆ, ಅಂದರೆ ಪದ್ಯ ಹಾಡುವ ಕೆಲಸ, ಮಾಡುತ್ತೇನೆ. ಮೇಳದ ಕಲಾವಿದರಿಗಾಗಿ ಒಂದು ಚಿಕ್ಕ ಟ್ರಸ್ಟ್ ಇದೆ, ಅದರ ಲೆಕ್ಕವೂ ನನ್ನ ಮೇಜಿನ ಮೇಲೇ ಇದೆ. ಮೂರನ್ನೂ ಒಂದೇ ತೂಕದಲ್ಲಿ ಹಿಡಿದಿದ್ದೇನೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಯಾವ ತಿಂಗಳಲ್ಲಿ ಯಾವುದನ್ನು ಕೆಳಗಿಡಬೇಕು ಎಂದು ಕಲಿತಿದ್ದೇನೆ, ಅಷ್ಟೇ. ಕಲಿಯಲು ಹಿಡಿದ ಕಾಲ, ತೆತ್ತ ಬೆಲೆ, ಈಗ ಹೇಗೆ ನಡೆಯುತ್ತಿದೆ ಎಂಬುದನ್ನು ಇದ್ದ ಹಾಗೆ ಬರೆಯುತ್ತೇನೆ.

ಅಪ್ಪನ ಕಿವಿಯಿಂದ ಶುರು ಮಾಡಬೇಕು. ಅಪ್ಪ ಬೀಜ ಕೊಳ್ಳುವಾಗ ಮೊದಲು ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲುಗಿಸುತ್ತಿದ್ದರು. ಚೆನ್ನಾಗಿ ಒಣಗಿದ ಬೀಜಕ್ಕೆ ಗಟ್ಟಿಯಾದ, ಚುರುಕಾದ ಸದ್ದು ಇರುತ್ತದೆ. ಹಸಿ ಉಳಿದ ಬೀಜದ್ದು ಮಂಕು ಸದ್ದು. ಆಮೇಲೆ ತೇವಾಂಶದ ಯಂತ್ರ ಬಂತು, ಬೀಜ ಕತ್ತರಿಸಿ ಕಾಳು ನೋಡುವ ಕಟಿಂಗ್ ಟೆಸ್ಟ್ ಎಲ್ಲರೂ ಮಾಡತೊಡಗಿದರು, ಆದರೂ ಅಪ್ಪ ಕಿವಿ ಬಿಡಲಿಲ್ಲ. ಚಿಕ್ಕವಳಿದ್ದಾಗ ನನ್ನ ಅಂಗೈಗೂ ಒಂದು ಹಿಡಿ ಹಾಕಿ, "ಎಂತ ಹೇಳ್ತದೆ ಕೇಳು" ಎನ್ನುತ್ತಿದ್ದರು. ನನ್ನ ಮೊದಲ ಸಂಗೀತ ಪಾಠ ಅದೇ ಎಂದು ಈಗಲೂ ಅನಿಸುತ್ತದೆ.

ಅಪ್ಪನಿಗೆ ಪಾರ್ಶ್ವವಾಯು ಹೊಡೆದಾಗ ನನಗೆ ಮೂವತ್ತೊಂದು. ಮಣಿಪಾಲದಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೆ. ಮಗಳಿಗೆ ಎರಡೂವರೆ ವರ್ಷ. ಮಸ್ಕತ್ತಿನಲ್ಲಿದ್ದ ಅಣ್ಣ ಮಾರಿಬಿಡೋಣ ಎಂದ. ದೊಡ್ಡಪ್ಪನಿಗೆ ಮಾರುವ ಮನಸ್ಸಿರಲಿಲ್ಲ, ನಾನು ನಡೆಸುತ್ತೇನೆಂದರೆ ಒಪ್ಪಿಗೆಯೂ ಇರಲಿಲ್ಲ. "ಬೀಜದ ವ್ಯಾಪಾರ ಹೆಂಗಸರ ಕೈಯಲ್ಲಿ ಆಗುವಂಥದ್ದಲ್ಲ ಮಗಾ" ಎಂದರು. ನಮ್ಮಲ್ಲಿ ಆಗ ಇದ್ದ ನೂರ ನಲವತ್ತು ಜನರಲ್ಲಿ ನೂರ ಇಪ್ಪತ್ತು ಹೆಂಗಸರು. ಬೇಯಿಸಿದ ಬೀಜ ಒಡೆಯುವವರು, ಕಾಳಿನ ಪೊರೆ ತೆಗೆಯುವವರು, ಗ್ರೇಡ್ ಮಾಡುವವರು ಎಲ್ಲ ಅವರೇ. ಆದರೆ ಖರೀದಿಯ ಕುರ್ಚಿಯಲ್ಲಿ ಹೆಂಗಸು ಕೂತದ್ದನ್ನು ದೊಡ್ಡಪ್ಪ ನೋಡಿರಲಿಲ್ಲ. ಒಂದು ವರ್ಷ ಬಿಟ್ಟುಕೊಡಿ, ನಷ್ಟವಾದರೆ ನನ್ನ ಪಾಲಿನಿಂದ ಕಳೆಯಿರಿ ಎಂದು ಬರೆದುಕೊಟ್ಟೆ. ಆ ಕಾಗದ ಇನ್ನೂ ದೊಡ್ಡಪ್ಪನ ಕಪಾಟಿನಲ್ಲಿದೆ.

ಮೊದಲ ವರ್ಷ ಸಂಗೀತದ ನೆನಪೇ ಇರಲಿಲ್ಲ. ಗೇರು ವ್ಯಾಪಾರದಲ್ಲಿ ಹಣವೆಲ್ಲ ನಾಲ್ಕು ತಿಂಗಳಲ್ಲಿ ಬೀಜವಾಗಿ ಗೋದಾಮಿನಲ್ಲಿ ಕೂತುಬಿಡುತ್ತದೆ. ಬ್ಯಾಂಕಿನ ಬಡ್ಡಿ ಓಡುತ್ತಿರುತ್ತದೆ. ಕಾಳು ಮಾರಿ ಹಣ ಕೈಗೆ ಬರುವುದು ಹೆಚ್ಚಾಗಿ ಆಗಸ್ಟ್‌ನಿಂದ ದೀಪಾವಳಿಯ ತನಕ, ಹಬ್ಬದ ಬೇಡಿಕೆ ಇರುವಾಗ. ನಡುವೆ ಒಂದು ಕಿಲೋಗೆ ಹತ್ತು ರೂಪಾಯಿ ಇಳಿದರೂ ವರ್ಷದ ಲಾಭ ಹೋಯಿತು. ನಿದ್ದೆ ಹೋಗಿದ್ದ ಆ ಮಳೆಗಾಲದಲ್ಲೇ ದೇವಸ್ಥಾನದ ಸಭಾಭವನದಲ್ಲಿ ಭಾಗವತಿಕೆಯ ತರಗತಿ ನಡೆಯುತ್ತಿರುವುದು ಗೊತ್ತಾಯಿತು. ಶಾಲೆಯಲ್ಲಿದ್ದಾಗ ಕರ್ನಾಟಕ ಸಂಗೀತದ ಜೂನಿಯರ್ ಪರೀಕ್ಷೆ ಮುಗಿಸಿದ್ದೆ, ಮದುವೆಯ ಹೊತ್ತಿಗೆ ಬಿಟ್ಟಿದ್ದೆ. ಅಮ್ಮನೇ ಕೈಹಿಡಿದು ಕರೆದುಕೊಂಡು ಹೋದರು.

ಗುರುಗಳು ಆರು ತಿಂಗಳು ಒಂದು ಪದ್ಯವನ್ನೂ ಹೇಳಿಕೊಡಲಿಲ್ಲ. ಬರೀ ತಾಳ. ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ. ಬಾಯಲ್ಲಿ ಹೇಳು, ಕೈಯಲ್ಲಿ ಹಾಕು. ಹದಿನಾಲ್ಕು ಅಕ್ಷರದ ಅಷ್ಟತಾಳದಲ್ಲಿ ನಾನು ದಿನವೂ ಒಂದೇ ಕಡೆ ಮುಗ್ಗರಿಸುತ್ತಿದ್ದೆ. "ಸ್ವರ ನಿನಗೆ ಉಂಟು. ಆದ್ರೆ ನೀನು ತಾಳ ತಪ್ಪಿದರೆ ಅಲ್ಲಿ ಕುಣಿಯುವವನ ಕಾಲು ತಪ್ಪುತ್ತದೆ. ಅವನ ಕಾಲಿಗೆ ನೀನು ಹೊಣೆ" ಎಂದರು ಒಂದು ದಿನ. ಜಾಗಟೆ ಕೈಗೆ ಕೊಟ್ಟದ್ದು ಮುಂದಿನ ವರ್ಷ.

ಒಮ್ಮೆ ನೆದರ್‌ಲ್ಯಾಂಡ್ಸ್‌ನಿಂದ ಬಂದಿದ್ದ ಖರೀದಿದಾರರೊಬ್ಬರನ್ನು ಆಟಕ್ಕೆ ಕರೆದುಕೊಂಡು ಹೋಗಿದ್ದೆ. ನೋಡಿ, ಇದು ನಿಮ್ಮ ಒಪೆರಾ ಅಲ್ಲವೇ ಎಂದರು. ಹತ್ತಿರದ್ದು ಹೌದು, ಅದೇ ಅಲ್ಲ. ಒಪೆರಾದಲ್ಲಿ ಪಾತ್ರಧಾರಿ ತನ್ನ ಹಾಡನ್ನು ತಾನೇ ಹಾಡುತ್ತಾನೆ, ವಾದ್ಯವೃಂದವನ್ನು ನಡೆಸುವವರು ಬೇರೆ. ನಮ್ಮಲ್ಲಿ ಕರ್ಣನಿಗೂ ಕುಂತಿಗೂ ಕೃಷ್ಣನಿಗೂ ಪದ್ಯ ಹೇಳುವುದು ಒಬ್ಬನೇ ಭಾಗವತ. ಪಾತ್ರಧಾರಿ ಕುಣಿಯುತ್ತಾನೆ, ಪದ್ಯದ ಅರ್ಥವನ್ನು ಮಾತಿನಲ್ಲಿ ಹೇಳುತ್ತಾನೆ. ಮಾತು ಉದ್ದವಾದರೆ ಮುಂದಿನ ಪದ್ಯ ಎತ್ತಿ ನಿಲ್ಲಿಸುವುದು, ಹೊಸಬ ಮಾತು ಮರೆತು ನಿಂತರೆ ಪದ್ಯದ ಕೊನೆಯ ಸಾಲನ್ನು ಇನ್ನೊಮ್ಮೆ ಹೇಳಿ ಅವನನ್ನು ಎತ್ತುವುದು, ಯಾವ ಸನ್ನಿವೇಶಕ್ಕೆ ಎಷ್ಟು ಹೊತ್ತು ಎಂದು ತೀರ್ಮಾನಿಸುವುದು ಎಲ್ಲ ಭಾಗವತನ ಕೆಲಸ. ಅದಕ್ಕೇ ಹಿರಿಯರು ಭಾಗವತನನ್ನು ಮೊದಲ ವೇಷಧಾರಿ ಎನ್ನುವುದು. ಆ ಖರೀದಿದಾರರು ಮಂಗಳದ ತನಕ ಎದ್ದು ಹೋಗಲಿಲ್ಲ. ಕಾಳಿನ ವ್ಯವಹಾರ ಕುದುರದಿದ್ದರೂ ಆ ರಾತ್ರಿಯ ಬಗ್ಗೆ ನನಗೆ ಸಂತೋಷವಿದೆ.

ಹೆಣ್ಣುಮಕ್ಕಳು ಜಾಗಟೆ ಹಿಡಿದದ್ದು ನನ್ನಿಂದ ಶುರುವಾದದ್ದಲ್ಲ. ಲೀಲಾವತಿ ಬೈಪಾಡಿತ್ತಾಯರು ಗಂಡಸರದ್ದೇ ಆಗಿದ್ದ ಮೇಳಗಳಲ್ಲಿ ವರ್ಷಗಟ್ಟಲೆ ತಿರುಗಾಟ ಮಾಡಿ ರಾತ್ರಿ ನಿದ್ದೆಗೆಟ್ಟು ಹಾಡಿದವರು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಗ್ರೇಡಿಂಗ್ ಕೋಣೆಯಲ್ಲಿದ್ದೆ. ಸ್ವಲ್ಪ ಹೊತ್ತು ಹೊರಗೆ ಹೋಗಿ ಕೂತೆ. ಅವರು ದಾರಿ ಮಾಡಿಟ್ಟದ್ದರಿಂದಲೇ ನನ್ನನ್ನು ಯಾರೂ "ನೀವ್ಯಾಕೆ ಇಲ್ಲಿ" ಎಂದು ಬಾಯಿಬಿಟ್ಟು ಕೇಳಲಿಲ್ಲ. ಶ್ರುತಿಯ ತೊಡಕು ಮಾತ್ರ ಇದ್ದೇ ಇತ್ತು. ನನ್ನದು ಹಾರ್ಮೋನಿಯಂನ ಬಿಳಿ ಐದು, ಗಂಡಸರದ್ದಕ್ಕಿಂತ ಎತ್ತರದ ಶ್ರುತಿ. ಮದ್ದಳೆಯನ್ನು ಭಾಗವತರ ಶ್ರುತಿಗೆ ಸೇರಿಸಬೇಕು. ಗಂಡಸರ ಶ್ರುತಿಗೆ ಕಟ್ಟಿದ ಮದ್ದಳೆಯನ್ನು ನನಗಾಗಿ ಏರಿಸಲು ಹೋದರೆ ನಾದ ಒಣಗುತ್ತದೆ, ನಾನು ಇಳಿದರೆ ಎತ್ತರದಲ್ಲಿ ಹೇಳಬೇಕಾದ ಪದ್ಯಕ್ಕೆ ಕಸುವಿರುವುದಿಲ್ಲ. ಎರಡು ವರ್ಷ ಹೀಗೇ ಒದ್ದಾಡಿ ಕೊನೆಗೆ ನನ್ನ ಶ್ರುತಿಗೆ ಹೊಂದುವ ಮದ್ದಳೆಯನ್ನೇ ಮಾಡಿಸಿಕೊಂಡೆ. ಹೋದಲ್ಲೆಲ್ಲ ಕಾರಿನ ಹಿಂದಿನ ಸೀಟಿನಲ್ಲಿ ಅದು ಬರುತ್ತದೆ. ಹೊಸದಾಗಿ ಕಲಿಯುವ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ: ನಿಮ್ಮ ಸ್ವರವನ್ನು ಇದ್ದ ಮದ್ದಳೆಗೆ ಬಗ್ಗಿಸಬೇಡಿ.

ನಷ್ಟದ ಕಥೆ ಇನ್ನು. ಕಾರ್ಖಾನೆ ವಹಿಸಿಕೊಂಡ ಆರನೆಯ ವರ್ಷ. ತಾಂಜಾನಿಯಾದ ಬೀಜ ಡಿಸೆಂಬರ್-ಜನವರಿಯಲ್ಲಿ ನವಮಂಗಳೂರು ಬಂದರಿಗೆ ಬರುತ್ತದೆ. ಊರಬೀಜ ಬರುವ ತನಕ ಕಾರ್ಖಾನೆ ನಡೆಯುವುದು ಅದರಿಂದಲೇ. ಆ ಜನವರಿಯಲ್ಲಿ ಒಂದು ವಾರದಲ್ಲಿ ಮೂರು ಆಟಕ್ಕೆ ಒಪ್ಪಿಕೊಂಡಿದ್ದೆ, ಅದರಲ್ಲಿ ಎರಡು ಬೆಳಗಿನ ತನಕದ್ದು. ಅಂಬೆ ಭೀಷ್ಮನ ಎದುರು ನಿಂತು ಕೇಳುವ ಭಾಗ ನನ್ನ ಪಾಲಿಗೆ ಬಂದಿತ್ತು; ಎಷ್ಟೋ ದಿನದಿಂದ ಕಾದಿದ್ದ ಅವಕಾಶ. ಬೆಳಿಗ್ಗೆ ಆರಕ್ಕೆ ಮನೆಗೆ ಬಂದು, ಸ್ನಾನ ಮಾಡಿ, ಹತ್ತು ಗಂಟೆಗೆ ಆಫೀಸಿನಲ್ಲಿ ಕೂತು ಇನ್ನೂರು ಚೀಲದ ಖರೀದಿಗೆ ಸಹಿ ಹಾಕಿದೆ. ಮಾರುವವರು ಕಳಿಸಿದ ತಪಾಸಣೆಯ ಕಾಗದದಲ್ಲಿ ಔಟ್‌ಟರ್ನ್ 48 ಎಂದಿತ್ತು. 80 ಕಿಲೋದ ಒಂದು ಚೀಲ ಬೀಜಕ್ಕೆ 48 ಪೌಂಡ್ ಕಾಳು ಎಂದು ಅದರರ್ಥ. ಈ ವ್ಯಾಪಾರದಲ್ಲಿ ಇವತ್ತಿಗೂ ಪೌಂಡಿನ ಲೆಕ್ಕ. ಬಂದರಿಗೆ ನಮ್ಮವರನ್ನು ಕಳಿಸಿ ಚೀಲ ತೆರೆಸಿ ಒಂದು ಕಿಲೋ ಕತ್ತರಿಸಿ ನೋಡುವುದು ನಮ್ಮ ಪದ್ಧತಿ. ಅಂದು ಕಳಿಸಲಿಲ್ಲ. ಕಣ್ಣು ಉರಿಯುತ್ತಿತ್ತು, ಬೇಗ ಮುಗಿಸಿ ಮಲಗಬೇಕೆಂದಿತ್ತು.

ಕಾರ್ಖಾನೆಗೆ ಬಂದ ಬೀಜ ಒಡೆದಾಗ ಸಿಕ್ಕಿದ್ದು ಸರಾಸರಿ 44. ಚೀಲಕ್ಕೆ ನಾಲ್ಕು ಪೌಂಡ್, ಅಂದರೆ 1.8 ಕಿಲೋ ಕಾಳು ಕಡಿಮೆ. ಇನ್ನೂರು ಚೀಲಕ್ಕೆ 360 ಕಿಲೋ. ಅದಕ್ಕಿಂತ ಹೆಚ್ಚು ನೋಯಿಸಿದ್ದು ಅಪ್ಪ. ಮಾತು ಹೋಗಿತ್ತು, ಗಾಲಿಕುರ್ಚಿಯಲ್ಲಿ ದಿನಕ್ಕೊಮ್ಮೆ ಗೋದಾಮಿಗೆ ಬರುತ್ತಿದ್ದರು. ಎಡಗೈಯಿಂದ ಒಂದು ಹಿಡಿ ತೆಗೆದು ಅಲುಗಿಸಿದರು, ನನ್ನ ಕಡೆ ನೋಡಿದರು, ಅದನ್ನು ನನ್ನ ಕೈಗೆ ಹಾಕಿದರು. ಮಂಕು ಸದ್ದು. ಬಂದರಿನಲ್ಲೇ ಅಲುಗಿಸಿ ನೋಡಿದ್ದರೆ ನನಗೂ ಕೇಳಿಸುತ್ತಿತ್ತು.

ದೊಡ್ಡಪ್ಪ ಬೈಯಲಿಲ್ಲ. "ಪದ ಹೇಳುವುದು ಬಿಡು ಅಂತ ನಾನು ಹೇಳುವುದಿಲ್ಲ. ಎರಡರಲ್ಲಿ ಒಂದು ಮಾಡುವ ದಿನ ಇನ್ನೊಂದಕ್ಕೆ ಸಹಿ ಹಾಕಬೇಡ" ಎಂದರು. ಅದನ್ನೇ ನಿಯಮ ಮಾಡಿಕೊಂಡೆ. ಆಟ ಹೇಳಿದ ಮರುದಿನ ಮಧ್ಯಾಹ್ನದ ತನಕ ಖರೀದಿ, ಸಾಲ, ದರ ಯಾವುದಕ್ಕೂ ನನ್ನ ಸಹಿ ಇಲ್ಲ. ತುರ್ತು ಬಂದರೆ ದೊಡ್ಡಪ್ಪನ ಮಗ ಮತ್ತು ನಮ್ಮ ಹಳೆಯ ಖರೀದಿ ಮ್ಯಾನೇಜರ್ ಇಬ್ಬರ ಸಹಿ ಬೇಕು, ಒಬ್ಬರದ್ದು ಸಾಲದು. ಬಂದರಿನ ಕಟಿಂಗ್ ಟೆಸ್ಟ್ ನಮ್ಮವರೇ ಮಾಡದೆ ಮುಂಗಡ ಹೋಗುವುದಿಲ್ಲ. ಏಪ್ರಿಲ್ ಮತ್ತು ಮೇಯಲ್ಲಿ ಎಂಟಕ್ಕಿಂತ ಹೆಚ್ಚು ಕಾರ್ಯಕ್ರಮ ಒಪ್ಪುವುದಿಲ್ಲ, ಎಷ್ಟು ಹತ್ತಿರದವರು ಕೇಳಿದರೂ ಸರಿ. ಇದರಿಂದ ಕೆಲವರಿಗೆ ಬೇಸರವಾಗಿದೆ. ಮಳೆಗಾಲಕ್ಕೆ ತಾಳಮದ್ದಳೆ ಇಟ್ಟುಕೊಳ್ಳಿ, ಎಷ್ಟು ಬೇಕಾದರೂ ಬರುತ್ತೇನೆ ಎನ್ನುತ್ತೇನೆ. ವೇಷವಿಲ್ಲದೆ ಕೂತು ಅರ್ಥ ಹೇಳುವ ತಾಳಮದ್ದಳೆಯಲ್ಲಿ ಪದ್ಯದ ಸಾಹಿತ್ಯ ಸ್ಪಷ್ಟವಾಗಿ ಕೇಳಿಸುತ್ತದೆ. ನನ್ನ ಸ್ವರಕ್ಕೆ ಅದು ಹೆಚ್ಚು ಒಗ್ಗುತ್ತದೆಂದು ತಡವಾಗಿ ಗೊತ್ತಾಯಿತು.

ಗಂಟಲಿನ ವಿಷಯವೂ ಹೇಳಬೇಕು. ಗೇರು ಸಿಪ್ಪೆಯಲ್ಲಿ ಚರ್ಮ ಸುಡುವ ಎಣ್ಣೆ ಇರುತ್ತದೆ. ಬೀಜ ಒಡೆಯುವವರು ಕೈಗೆ ಎಣ್ಣೆ ಸವರಿಕೊಳ್ಳುವುದು ಅದಕ್ಕೇ. ಆ ಸಿಪ್ಪೆಯನ್ನೇ ಬಾಯ್ಲರಿಗೆ ಹಾಕಿದರೆ ಬರುವ ಹೊಗೆ ಗಂಟಲನ್ನು ಕೆರೆಯುತ್ತದೆ. ನನ್ನ ಆಫೀಸು ಬಾಯ್ಲರಿನ ಪಕ್ಕದಲ್ಲಿತ್ತು. ಮೂರನೆಯ ವರ್ಷದ ಹೊತ್ತಿಗೆ ಮೇಲಿನ ಷಡ್ಜದಲ್ಲಿ ಸ್ವರ ಒಡೆಯತೊಡಗಿತು. ಗಂಟಲಿನ ವೈದ್ಯರು ಹೊಗೆಯಿಂದ ದೂರವಿರಿ ಎಂದರು. ಆಫೀಸನ್ನು ಗೇಟಿನ ಹತ್ತಿರಕ್ಕೆ ಸಾಗಿಸಲು ಗಾರೆಯವರನ್ನೂ ಕರೆಸಿದ್ದೆ. ಅಂದು ಸಂಜೆ ಕಟಿಂಗ್ ವಿಭಾಗದಲ್ಲಿ ನಿಂತಿದ್ದಾಗ ಮೊದಲ ಬಾರಿಗೆ ಕೆಮ್ಮು ಕಿವಿಗೆ ಬಿತ್ತು. ಒಬ್ಬರದ್ದಲ್ಲ, ಸಾಲಿನ ಈ ತುದಿಯಿಂದ ಆ ತುದಿಗೆ. ಅಷ್ಟು ವರ್ಷ ನಾನು ಅದನ್ನು ಕಾರ್ಖಾನೆಯ ಸದ್ದಿನ ಜೊತೆಗೇ ಕೇಳಿಸಿಕೊಂಡಿದ್ದೆ. ಅವರಲ್ಲಿ ಒಬ್ಬಾಕೆ, ಆಗಲೇ ಅರವತ್ತರ ಹತ್ತಿರದವರು, ಗದ್ದೆಯಲ್ಲಿ ನೇಜಿ ನೆಡುವಾಗ ತುಳುವಿನ ಕಥನಗೀತೆಯಾದ ಪಾಡ್ದನ ಹೇಳುತ್ತಿದ್ದವರು. ಉಸಿರು ಎಲ್ಲಿ ತೆಗೆದರೆಂದು ಗೊತ್ತಾಗದ ಹಾಗೆ ಉದ್ದ ಸಾಲುಗಳನ್ನು ಎಳೆಯುವುದನ್ನು ನಾನು ಅವರಿಂದ ಕದ್ದು ಕಲಿತಿದ್ದೇನೆ. ಅವರೂ ಕೆಮ್ಮುತ್ತಿದ್ದರು. ಆಫೀಸು ಅಲ್ಲೇ ಉಳಿಯಿತು. ಆ ಹಣಕ್ಕೆ ಇನ್ನಷ್ಟು ಸೇರಿಸಿ ಚಿಮಣಿ ಎತ್ತರಿಸಿದೆವು, ಹೊಗೆ ಎಳೆಯುವ ಫ್ಯಾನ್ ಹಾಕಿಸಿದೆವು, ಹಸಿ ಸಿಪ್ಪೆಯನ್ನು ಎಣ್ಣೆ ಮಿಲ್ಲಿಗೆ ಮಾರಿ ಎಣ್ಣೆ ತೆಗೆದ ಹಿಂಡಿಯನ್ನು ಉರಿಸತೊಡಗಿದೆವು. ಹೊಗೆ ಪೂರ್ತಿ ಹೋಗಿಲ್ಲ, ಆದರೆ ಒಳಗೆ ನಿಂತು ಈಗ ಪದ್ಯ ಗುನುಗಬಹುದು.

ಟ್ರಸ್ಟಿನ ಹುಟ್ಟು 2020ರ ಮಾರ್ಚ್‌ನದು. ಲಾಕ್‌ಡೌನ್ ಬಂದು ಮೇಳಗಳು ತಿರುಗಾಟದ ನಡುವೆ ನಿಂತವು. ಪತ್ತನಾಜೆಗೆ ಇನ್ನೂ ಎರಡು ತಿಂಗಳಿತ್ತು. ನಮ್ಮ ಕಾರ್ಖಾನೆಯೂ ನಿಂತಿತ್ತು. ಒಬ್ಬ ಮದ್ದಳೆಗಾರರು ಫೋನ್ ಮಾಡಿ, "ಅಕ್ಕಾ, ಗೇಟಿನಲ್ಲಿ ಚೀಲ ಹೊರುವ ಕೆಲಸ ಇದ್ದರೆ ಹೇಳಿ" ಎಂದರು. ಹಿಂದಿನ ತಿಂಗಳು ಅವರ ಪಕ್ಕದಲ್ಲಿ ಕೂತು ಹಾಡಿದ್ದೆ. ಆ ಕೈ ಮದ್ದಳೆಯ ಮೇಲೆ ಏನು ಮಾಡುತ್ತದೆಂದು ನೋಡಿದವಳು ನಾನು. ಅಕ್ಕಿ-ಬೇಳೆಯ ಕಿಟ್ ಮಾಡಿ ಹಂಚಿದೆವು. ಮರುವರ್ಷ ಸಭೆ ಮಾಡಿ ಐದು ಜನರಿಗೆ ಶಾಲು, ಹಣ್ಣಿನ ತಟ್ಟೆ, ಸ್ಮರಣಿಕೆ ಕೊಟ್ಟೆವು. ಸಭಾಭವನದ ಬಾಡಿಗೆ, ಊಟ, ಶಾಮಿಯಾನ ಎಲ್ಲ ಕಳೆದು ನೋಡಿದರೆ ಕಲಾವಿದರ ಕೈಗೆ ಹೋದದ್ದು ಖರ್ಚಿನ ಮೂರನೇ ಒಂದು ಭಾಗ. ಲೆಕ್ಕ ಬರೆದ ರಾತ್ರಿ ನನಗೆ ಬಹಳ ನಾಚಿಕೆಯಾಯಿತು. ನಮ್ಮ ಜಿಲ್ಲೆಗಳಲ್ಲಿ ಸನ್ಮಾನಕ್ಕೆ ಕೊರತೆಯಿಲ್ಲ. ಹಿರಿಯ ಕಲಾವಿದರ ಮನೆಗೆ ಹೋದರೆ ಕಪಾಟಿನ ತುಂಬ ಸ್ಮರಣಿಕೆ, ಜೂನ್ ತಿಂಗಳ ದಿನಸಿ ಅಂಗಡಿಯಲ್ಲಿ ಸಾಲ.

ಕೊರತೆ ಇರುವುದು ಪತ್ತನಾಜೆಯಿಂದ ದೀಪಾವಳಿಯವರೆಗೆ. ಆ ಐದಾರು ತಿಂಗಳು ಹೆಚ್ಚಿನ ಮೇಳಗಳಿಗೆ ತಿರುಗಾಟವಿಲ್ಲ. ಹೆಸರಾದವರಿಗೆ ಬೆಂಗಳೂರು, ಮುಂಬೈ, ಕೊಲ್ಲಿ ದೇಶದ ಕನ್ನಡ-ತುಳು ಸಂಘಗಳ ಕರೆ ಬರುತ್ತದೆ. ಎರಡನೆಯ ಸಾಲಿನ ವೇಷಧಾರಿಗೆ, ಚಕ್ರತಾಳ ಬಾರಿಸುವವನಿಗೆ, ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ವೇಷಭೂಷಣ ನೋಡಿಕೊಳ್ಳುವವನಿಗೆ ಇಲ್ಲ. ಉಡುಪಿಯ ಯಕ್ಷಗಾನ ಕಲಾರಂಗ 1975ರಿಂದ ಮಾಡುತ್ತಿರುವ ಕೆಲಸ ನಮ್ಮ ಕಣ್ಣೆದುರಿಗಿತ್ತು: ಕಲಾವಿದರಿಗೆ ಮನೆ, ಮಕ್ಕಳ ಓದಿಗೆ ನೆರವು. ಅಷ್ಟು ದೊಡ್ಡದು ನಮ್ಮಿಂದಾಗದು. ಒಂದೇ ಒಂದು ತೂತನ್ನು ಮುಚ್ಚೋಣ ಎಂದುಕೊಂಡೆವು.

ದಾರಿ ತೋರಿಸಿದ್ದು ಊರಿನದ್ದೇ ಹಳೆಯ ಉಪಾಯ. ಉಡುಪಿಯಲ್ಲಿ ಟಿ.ಎಂ.ಎ. ಪೈ ಅವರು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದಾಗ ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ನನ್ನ ಗಂಡ ಸಹಕಾರಿ ಸಂಘದಲ್ಲಿ ಕೆಲಸ ಮಾಡುವವರು, ಅವರೇ ಹೇಳಿದರು, "ನೀನು ಕೊಡುವುದು ಬೇಡ. ಅವರು ಕಟ್ಟಲಿ, ನೀನು ಕೂಡಿಸು." ಹಾಗೇ ಮಾಡಿದೆವು. ಆಟ ಇದ್ದ ರಾತ್ರಿಗೆ ಕಲಾವಿದ ನೂರು ರೂಪಾಯಿ ಕಟ್ಟುತ್ತಾನೆ. ಟ್ರಸ್ಟ್ ಅಷ್ಟೇ ಸೇರಿಸುತ್ತದೆ. 150 ರಾತ್ರಿಗೆ ಅವನದ್ದು 15,000, ನಮ್ಮದು 15,000. ಜೂನ್‌ನಿಂದ ಅಕ್ಟೋಬರ್ ತನಕ ತಿಂಗಳಿಗೆ 6,000ದಂತೆ ಹಿಂದಕ್ಕೆ ಹೋಗುತ್ತದೆ. ದೊಡ್ಡ ಮೊತ್ತವಲ್ಲ. ಆದರೆ ತಿಂಗಳ ಮೊದಲ ದಿನ ಬರುತ್ತದೆಂದು ಗೊತ್ತಿರುವ ಹಣಕ್ಕೆ ಅಂಗಡಿಯವನೂ ಬೆಲೆ ಕೊಡುತ್ತಾನೆ.

ಮೊದಲು ನಾವು ಹಣವನ್ನು ಟ್ರಸ್ಟಿನ ಖಾತೆಗೇ ತೆಗೆದುಕೊಳ್ಳಲು ಹೊರಟಿದ್ದೆವು. ಆಡಿಟರ್ ತಡೆದರು. ಟ್ರಸ್ಟ್ ಜನರಿಂದ ಠೇವಣಿ ತೆಗೆದುಕೊಳ್ಳುವ ಹಾಗಿಲ್ಲ. ಆದ್ದರಿಂದ ಪ್ರತಿಯೊಬ್ಬರದ್ದೂ ಅವರವರ ಹೆಸರಿನಲ್ಲೇ ಸಹಕಾರಿ ಸಂಘದ ಪಿಗ್ಮಿ ಖಾತೆ. ನಿವೃತ್ತರಾದ ಪಿಗ್ಮಿ ಸಂಗ್ರಾಹಕರೊಬ್ಬರು, ಯಕ್ಷಗಾನದ ಹುಚ್ಚಿರುವವರು, ಈಗ ವಾರಕ್ಕೆರಡು ರಾತ್ರಿ ಚೌಕಿಗಳಿಗೆ ಹೋಗಿ ಬರುತ್ತಾರೆ. ಟ್ರಸ್ಟಿನ ಪಾಲು ಮಾತ್ರ ಮಳೆಗಾಲದಲ್ಲಿ ನೇರ ಆ ಖಾತೆಗೆ. ಹೀಗೆ ಮಾಡುವವರಿಗೆ ಇದನ್ನು ಒತ್ತಿ ಹೇಳುತ್ತೇನೆ: ಒಳ್ಳೆಯ ಮನಸ್ಸಿನಿಂದ ಶುರು ಮಾಡಿದ ಎಷ್ಟೋ ಕೆಲಸ ಲೆಕ್ಕದ ತಪ್ಪಿನಿಂದ ನಿಂತುಹೋಗುತ್ತದೆ. ನೋಂದಣಿ, ಪ್ಯಾನ್, ಆದಾಯ ತೆರಿಗೆಯ ಮಾನ್ಯತೆ, ಪ್ರತಿವರ್ಷದ ಆಡಿಟ್ ಯಾವುದನ್ನೂ ನಾಳೆಗೆ ಬಿಡಬೇಡಿ.

ಇನ್ನೊಂದು ನಿಯಮ ನಾನೇ ಬರೆಸಿದೆ. ನಾನು ಹಾಡುವ ಯಾವ ಆಟಕ್ಕೂ ಟ್ರಸ್ಟಿನ ಒಂದು ರೂಪಾಯಿಯೂ ಹೋಗಬಾರದು, ನನ್ನ ತಂಡದವರು ಫಲಾನುಭವಿಗಳ ಆಯ್ಕೆಯಲ್ಲಿ ಕೂರಬಾರದು. ಟ್ರಸ್ಟಿನ ಹಣ ಟ್ರಸ್ಟಿಗಳ ಲಾಭಕ್ಕೆ ಹೋಗಬಾರದೆಂದು ತೆರಿಗೆ ಕಾನೂನಿನಲ್ಲೂ ಇದೆ. ಆದರೆ ನನಗೆ ಕಾನೂನಿಗಿಂತ ಹೆಚ್ಚಿನ ಹೆದರಿಕೆ ಬೇರೆ. ಹಣ ಕೊಡುವವಳ ಪದ್ಯಕ್ಕೆ ಚೆನ್ನಾಗಿಲ್ಲ ಎಂದು ಯಾರು ಹೇಳುತ್ತಾರೆ? ಗುರುಗಳು ಹೋದ ಮೇಲೆ ನನ್ನ ತಪ್ಪು ಹೇಳುವವರು ಇಬ್ಬರೋ ಮೂವರೋ ಉಳಿದಿದ್ದಾರೆ. ಅವರಲ್ಲಿ ಒಬ್ಬರ ಹೆಸರೂ ಟ್ರಸ್ಟಿನ ಪುಸ್ತಕದಲ್ಲಿಲ್ಲ, ಅವರೇ ಬೇಡವೆಂದರು.

ಹಣದ ಮೂಲ ಹುಡುಕಲು ದೊಡ್ಡಪ್ಪನ ಜೊತೆ ಎರಡು ತಿಂಗಳು ಮಾತಾಡಬೇಕಾಯಿತು. 2013ರ ಕಂಪನಿ ಕಾಯ್ದೆಯಲ್ಲಿ ಲಾಭದ ಶೇ. 2ನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದಿರುವುದು ದೊಡ್ಡ ಕಂಪನಿಗಳಿಗೆ. ವರ್ಷದ ನಿವ್ವಳ ಲಾಭ 5 ಕೋಟಿ ಮುಟ್ಟಿದರೆ ಅದು ಅನ್ವಯಿಸುತ್ತದೆ, ನಾವು ಅದರ ಹತ್ತಿರಕ್ಕೂ ಇಲ್ಲ. ಅಂದರೆ ನಮಗೆ ಕೊಡಲೇಬೇಕೆಂಬ ಕಟ್ಟಳೆಯಿಲ್ಲ, ಕಂಪನಿಯ ಹಣ ನನ್ನೊಬ್ಬಳದ್ದೂ ಅಲ್ಲ. ಕೊನೆಗೆ ಒಪ್ಪಿದ್ದು ಒಂದು ಚಿಕ್ಕ ಬಾಬ್ತಿಗೆ. ಕಾಳಿನ ಮೇಲೆ ಒಂದು ಕೆಂಪು ಪೊರೆ ಇರುತ್ತದೆ, ಪೀಲಿಂಗ್‌ನಲ್ಲಿ ತೆಗೆಯುವಂಥದ್ದು. ಅದರಲ್ಲಿ ಒಗರಿನ ಅಂಶ ಇರುವುದರಿಂದ ಚರ್ಮ ಹದ ಮಾಡುವವರು ಕೊಳ್ಳುತ್ತಾರೆ. ಆ ಪೊರೆ ಮಾರಿದ ಹಣ ಟ್ರಸ್ಟಿಗೆ. ಕಡಿಮೆ ಬಿದ್ದದ್ದು ನನ್ನ ಸಂಬಳದಿಂದ. ಈಗ 23 ಕಲಾವಿದರಿದ್ದಾರೆ, ಎಲ್ಲರೂ ಪೂರ್ತಿ ಕಟ್ಟಿದರೆ ನಮ್ಮ ಪಾಲು ವರ್ಷಕ್ಕೆ 3,45,000. ಕೊಡಬೇಕಾದ ತಿಂಗಳುಗಳೂ ನಮಗೆ ಅನುಕೂಲವೇ: ಏಪ್ರಿಲ್‌ನಲ್ಲಿ ನನ್ನಲ್ಲಿ ಒಂದು ರೂಪಾಯಿ ಬಿಡಿ ಹಣ ಇರುವುದಿಲ್ಲ, ಮಳೆಗಾಲ ಮುಂದೆ ಹೋದ ಹಾಗೆ ಕಾಳಿನ ಹಣ ಬರತೊಡಗುತ್ತದೆ.

ಆ ಒಪ್ಪಂದವಾದ ವಾರದಲ್ಲೇ ಪೀಲಿಂಗ್ ವಿಭಾಗದ ಒಬ್ಬ ಹುಡುಗಿ, ಮಗುವಿನ ತಾಯಿ, ಎಲ್ಲರೆದುರು ಕೇಳಿದಳು: "ಅಕ್ಕಾ, ಪೊರೆ ತೆಗೆಯುವುದು ನಾವು. ಆಟದವರಿಗೆ ಕೊಡ್ತೀರಿ, ಒಳ್ಳೆಯದೇ. ನಮ್ಮ ಮಕ್ಕಳು ಕೂರುವ ಕೋಣೆಗೆ ಒಂದು ಕಿಟಕಿ ಇಲ್ಲವಲ್ಲ?" ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೋಣೆ ಇರಬೇಕೆಂದು ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯೇ ಹೇಳುತ್ತಿತ್ತು. ನಮ್ಮಲ್ಲಿ ಇತ್ತು, ಖಾಲಿ ಡಬ್ಬಿಗಳ ಗೋದಾಮಿನ ಮೂಲೆಯಲ್ಲಿ. ನಾನು ಅವಳಿಗೆ ಏನು ಉತ್ತರ ಕೊಡಲಿ? ಆ ವರ್ಷ ಟ್ರಸ್ಟಿಗೆ ಹೊಸ ಹೆಸರು ಸೇರಿಸಲಿಲ್ಲ. ಗೇಟಿನ ಪಕ್ಕ ಎರಡು ಕಿಟಕಿ, ಜಗಲಿ, ನೀರಿನ ವ್ಯವಸ್ಥೆ ಇರುವ ಕೋಣೆ ಕಟ್ಟಿದೆವು. ಮಕ್ಕಳನ್ನು ನೋಡಿಕೊಳ್ಳಲು ಒಬ್ಬಾಕೆ ಇದ್ದಾರೆ. ಕಲೆಗೆ ಕೊಡುವ ಉದ್ಯಮಿಗಳು ನನ್ನ ಹತ್ತಿರ ಸಲಹೆ ಕೇಳಿದರೆ ಮೊದಲು ನಿಮ್ಮ ಕಾರ್ಖಾನೆಯ ಹಿಂಬದಿಗೊಮ್ಮೆ ಹೋಗಿ ಬನ್ನಿ ಎನ್ನುತ್ತೇನೆ.

ಕಾಲಮಿತಿಯ ಆಟದ ಬಗ್ಗೆ ಒಂದು ಮಾತು. ಸಂಜೆ ಶುರುವಾಗಿ ನಡುರಾತ್ರಿಯೊಳಗೆ ಮುಗಿಯುವ ಆಟಗಳು ಹೆಚ್ಚಿದ ಮೇಲೆ ಬೆಳಗಿನ ರಾಗಗಳು ರಂಗಸ್ಥಳದಿಂದ ಮರೆಯಾಗುತ್ತಿವೆ ಎಂಬ ಕೊರಗು ನಿಜವಾದದ್ದು, ನನಗೂ ಇದೆ. ಚೆಂಡೆಯ ಅಬ್ಬರದ ನಂತರ ಮೂಡಣ ಬೆಳ್ಳಗಾಗುವಾಗ ಕೇಳುವ ಪದ್ಯಕ್ಕೆ ಬೇರೆಯೇ ತೂಕ ಇತ್ತು. ಆದರೆ ನನ್ನಂಥವಳಿಗೆ, ಮರುದಿನ ನೂರ ನಲವತ್ತು ಜನರ ಗೇಟು ತೆರೆಸಬೇಕಾದವಳಿಗೆ, ಕಾಲಮಿತಿ ಇಲ್ಲದಿದ್ದರೆ ಭಾಗವತಿಕೆ ಎಂದೋ ನಿಂತುಹೋಗುತ್ತಿತ್ತು. ಕಲಿಯುತ್ತಿರುವ ಹೆಣ್ಣುಮಕ್ಕಳನ್ನು ಮನೆಯವರು ಕಳಿಸುತ್ತಿರುವುದೂ ಅದರಿಂದಲೇ. ಎರಡೂ ಇರಲಿ ಎಂದು ನನ್ನ ಆಸೆ.

ಮನೆಯವರ ಬಗ್ಗೆ ಕಡಿಮೆ ಬರೆದಿದ್ದೇನೆ. ಅತ್ತೆ ಇಲ್ಲದಿದ್ದರೆ ಇದರಲ್ಲಿ ಯಾವುದೂ ಆಗುತ್ತಿರಲಿಲ್ಲ. ಮಗಳನ್ನು ಬೆಳೆಸಿದ್ದು ಅವರು; ಶಾಲೆಯ ವಾರ್ಷಿಕೋತ್ಸವ ಬರುತ್ತಿದ್ದದ್ದು ಆಟಗಳ ದಿನಗಳಲ್ಲೇ, ಅಲ್ಲಿ ಮುಂದಿನ ಸಾಲಿನಲ್ಲಿ ಕೂತದ್ದೂ ಅವರೇ. ಮಗಳು ಈಗ ದೊಡ್ಡವಳು, ಹೊರಗೆ ಓದುತ್ತಿದ್ದಾಳೆ. ನಾಲ್ಕನೆಯ ಕ್ಲಾಸಿನ ನಾಟಕಕ್ಕೆ ನೀನು ಬರಲಿಲ್ಲ ಎಂಬುದು ಅವಳಿಗೆ ನೆನಪಿದೆ. ನಾನು ಕ್ಷಮೆ ಕೇಳಿದ್ದೇನೆ. ಆ ಸಂಜೆ ಮಾತ್ರ ತಿರುಗಿ ಬರುವುದಿಲ್ಲ.

ಬೆಳಿಗ್ಗೆ ಐದಕ್ಕೆ ಎದ್ದು ಮುಕ್ಕಾಲು ಗಂಟೆ ಮಂದ್ರದಲ್ಲಿ 'ಆ'ಕಾರದ ಸ್ವರಸಾಧನೆ, ಆಮೇಲೆ ಕಾರಿನಲ್ಲಿ ಪದ್ಯ ಬಾಯಿಪಾಠ. ಇದು ಯಾವ ತಿಂಗಳಲ್ಲೂ ತಪ್ಪುವುದಿಲ್ಲ. ವರ್ಷಕ್ಕೆ ಮೂವತ್ತು ಕಾರ್ಯಕ್ರಮ, ಅದಕ್ಕಿಂತ ಹೆಚ್ಚಿಲ್ಲ.

ಈ ಪತ್ತನಾಜೆಯ ಮರುದಿನ ಒಬ್ಬ ಸ್ತ್ರೀವೇಷಧಾರಿ ಆಫೀಸಿಗೆ ಬಂದಿದ್ದರು. ಹುಬ್ಬಿನ ಕಾಡಿಗೆ ಇನ್ನೂ ಪೂರ್ತಿ ಹೋಗಿರಲಿಲ್ಲ. "ಅಕ್ಕಾ, ತಿಂಗಳು ತಿಂಗಳು ಬರುವುದು ಸರಿಯೇ. ಆದ್ರೆ ಮಕ್ಕಳ ಶಾಲೆಯ ಫೀಸು ಜೂನ್‌ನಲ್ಲಿ ಒಮ್ಮೆಲೇ ಕಟ್ಟಬೇಕು. ಮೊದಲ ಎರಡು ಕಂತು ಒಟ್ಟಿಗೆ ಕೊಡ್ಲಿಕ್ಕಾಗ್ತದಾ?" ಎಂದು ಕೇಳಿದರು. ಐದು ವರ್ಷ ಈ ಯೋಜನೆ ನಡೆಸಿದವಳಿಗೆ, ನನ್ನದೇ ಮಗಳ ಫೀಸು ಕಟ್ಟಿದವಳಿಗೆ, ಇದು ಹೊಳೆದಿರಲಿಲ್ಲ. ಹಾಗೆ ಕೊಟ್ಟರೆ ಅಕ್ಟೋಬರ್ ಖಾಲಿ ಬೀಳುತ್ತದೆ, ದೀಪಾವಳಿಗೆ ಮೊದಲಿನ ಕಷ್ಟದ ತಿಂಗಳು ಅದೇ. ಓದುವ ಮಕ್ಕಳಿರುವವರಿಗೆ ಜೂನ್‌ನಲ್ಲಿ ಒಂದು ಕಂತು ಹೆಚ್ಚಿಗೆ ಕೂಡಿಸಿದರೆ ಎಷ್ಟಾಗುತ್ತದೆಂದು ಲೆಕ್ಕ ಹಾಕಿದೆ. ಹನ್ನೊಂದು ಜನ, 66,000. ಪೊರೆಯ ದರ ಈ ಸಲ ಕಡಿಮೆ. ಭಾನುವಾರ ಟ್ರಸ್ಟಿನ ಸಭೆಯಿದೆ, ಪಿಗ್ಮಿ ಪುಸ್ತಕ ತರಲು ಸಂಗ್ರಾಹಕರಿಗೆ ಹೇಳಿದ್ದೇನೆ. ದೊಡ್ಡಪ್ಪನೂ ಬರುತ್ತೇನೆಂದಿದ್ದಾರೆ.